ಮಂಡಿಯ ಸ್ಕ್ರೂ

ನರಸಾಪುರದ ಗೇಟು. ಶಿಫ್ಟು ಬಿಟ್ಟು ಹೊರಗೆ ಬರುವ ಸಾಲು.
ಸೆಕ್ಯುರಿಟಿ ಹುಡುಗಿ ಕಪ್ಪು ಕೋಲು ಸವರುತ್ತಾಳೆ
ಹೆಗಲಿಗೆ, ಸೊಂಟಕ್ಕೆ, ತೊಡೆಗೆ.
ಎಡ ಮಂಡಿಗೆ ಬಂದಾಗ ಕುಂಯ್ ಅನ್ನುತ್ತದೆ.

ಏನಕ್ಕಾ ಅದು?
ಸ್ಕ್ರೂ.
ನಮ್ಮ ಲೈನಿಂದಾ?
ಅಲ್ಲ ಕಣಮ್ಮ, ಡಾಕ್ಟ್ರು ಹಾಕಿದ್ದು.
ಚೀಟಿ ತೋರಿಸುತ್ತೇನೆ. ಮಡಿಚಿ ಮಡಿಚಿ
ಇನ್ನೇನು ನಾಲ್ಕು ತುಂಡಾಗಲಿರುವ ಚೀಟಿ.
ವಾರಕ್ಕೊಬ್ಬ ಹೊಸ ಹುಡುಗಿ, ವಾರಕ್ಕೊಮ್ಮೆ ಇದೇ ಮಾತು.

ದಿನಕ್ಕೆ ಸಾವಿರದ ಎಂಟುನೂರು ಫೋನು
ನನ್ನ ಮುಂದೆ ಹಾಯುತ್ತವೆ.
ಒಂದೊಂದಕ್ಕೂ ಎರಡು ಸ್ಕ್ರೂ, ಎಳ್ಳಿಗಿಂತ ಸಣ್ಣವು.
ನಿಂತೇ ಇರಬೇಕು.
ಕೂತು ಏಳುವುದು ಸಂಜೆಯ ಕೆಲಸ.

ಸಂಜೆ, ಕೋಲಾರದ ಮೈದಾನದಲ್ಲಿ
ಚೌಡರೆಡ್ಡಿ ಮೇಷ್ಟ್ರ ಪೀಪಿ.
ಸುಣ್ಣದ ಚೌಕಗಳಲ್ಲಿ ಒಬ್ಬರ ಮುಖ ಅತ್ತ, ಒಬ್ಬರದು ಇತ್ತ.
ಪಕ್ಕದ ಚೌಕದ ಶಾಹೀನಾ
ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ, ಮನೆಯ ಅಡುಗೆ ಮುಗಿಸಿ ಬಂದವಳು,
ಕೂತಲ್ಲೇ ಎರಡು ಕ್ಷಣ ನಿದ್ದೆ ಮಾಡುತ್ತಾಳೆ.
ಬೆನ್ನು ಮುಟ್ಟಿ ಖೋ ಅಂದರೆ
ಎಚ್ಚರಕ್ಕಿಂತ ಮೊದಲೇ ಓಡುತ್ತಿರುತ್ತಾಳೆ.
ಕನಕರತ್ನಾಳ ಏಳು ತಿಂಗಳ ಕೂಸು
ಗೆರೆಯಾಚೆ ಅತ್ತೆಯ ಮಡಿಲಲ್ಲಿ ಅಳುತ್ತದೆ.
ಒಂಬತ್ತು ನಿಮಿಷ ಅವಳು ಅತ್ತ ನೋಡುವುದಿಲ್ಲ.
ಆಮೇಲೆ ನೀರನ್ನೂ ಕುಡಿಯದೆ ಅತ್ತಲೇ ಓಡುತ್ತಾಳೆ.

ಮೂರು ಸಲ ರಾಜ್ಯಕ್ಕೆ ಆಡಿದ್ದೇನೆ.
ಮೂರು ಸಲವೂ ರಜೆಯ ಅರ್ಜಿಯಲ್ಲಿ
ಅಜ್ಜಿಯನ್ನು ಸಾಯಿಸಿದ್ದೇನೆ.
(ಅಜ್ಜಿ ಕ್ಯಾಲನೂರಲ್ಲಿ ಗಟ್ಟಿಯಾಗಿದ್ದಾಳೆ,
ನನಗೇ ಅಂತ ಹುರುಳಿ ಹುರಿದು ಡಬ್ಬಿ ತುಂಬಿಸುತ್ತಾಳೆ.)
ಗೆದ್ದಾಗ ಪೇಪರಿನಲ್ಲಿ ಎಂ. ಸುಕನ್ಯಾ ಹೋಗಿ
ಎಂ. ಸುಗುಣ ಅಂತ ಬಂತು.
ಒಳ್ಳೆಯದೇ ಆಯಿತು, ಸೂಪರ್‌ವೈಸರ್ ಪೇಪರ್ ಓದುತ್ತಾರೆ.

ಹೋದ ವರ್ಷ ಫೈನಲ್ಲಿನಲ್ಲಿ ಕಂಬಕ್ಕೆ ಹಾರಿದೆ.
ಓಡುವವಳ ಹಿಮ್ಮಡಿ ಬೆರಳಿಗೆ ತಾಗಿತು.
ಒಣಗಿದ ಹುಣಸೆ ಬರಲು ಮುರಿದ ಸದ್ದು.
ಚಪ್ಪಾಳೆಯಲ್ಲಿ ಯಾರಿಗೂ ಕೇಳಲಿಲ್ಲ.

ಆಸ್ಪತ್ರೆಯ ಗುಮಾಸ್ತ ಕೇಳಿದ:
ಕೆಲಸದಲ್ಲಿ ಬಿದ್ದದ್ದೋ?
ಆಟದಲ್ಲಿ.
ಪೆನ್ನು ನಿಲ್ಲಿಸಿ ನೋಡಿದ. ಏನು ವಯಸ್ಸು?
ಇಪ್ಪತ್ತಾರು.
ಇಪ್ಪತ್ತಾರಕ್ಕೆ ಆಟ! ಅಂದು ನಕ್ಕು
'ಬಿದ್ದದ್ದು' ಅಂತಷ್ಟೇ ಬರೆದ.

ಈ ಆಟದಲ್ಲಿ ಒಂದು ನಿಯಮವಿದೆ.
ತಪ್ಪಿಸಿಕೊಂಡು ಓಡುವವಳು ಹೇಗೆ ಬೇಕಾದರೂ ನುಸುಳಬಹುದು.
ಅಟ್ಟುವವಳು ಮಾತ್ರ
ಒಮ್ಮೆ ಹೆಗಲು ತಿರುಗಿಸಿದ ಕಡೆಗೇ ಹೋಗಬೇಕು,
ಕಂಬ ದಾಟುವ ತನಕ ಹಿಂತಿರುಗುವಂತಿಲ್ಲ.
ನಾನು ಐದನೇ ಕ್ಲಾಸಿನಲ್ಲಿ ಹೆಗಲು ತಿರುಗಿಸಿದೆ.
ಕಂಬ ಎಷ್ಟು ದೂರ ಅಂತ
ಮೇಷ್ಟ್ರೂ ಹೇಳಲಿಲ್ಲ.

ಎಂಟು ತಿಂಗಳಾಯಿತು. ಅಂತರಗಂಗೆಯ ಮೆಟ್ಟಿಲು
ಹತ್ತುವಾಗ ನೋವಿಲ್ಲ, ಇಳಿಯುವಾಗ ಇದೆ.
ಟ್ರಯಲ್ಸು ಬರುವ ತಿಂಗಳು. ಹೋಗುತ್ತೀಯಾ ಅಂತ
ಅಣ್ಣ ಕೇಳಿದ, ಅಮ್ಮ ಕೇಳಿದಳು,
ನೋಡಲು ಬಂದಿದ್ದ ಬಂಗಾರಪೇಟೆಯವರೂ ಕೇಳಿದರು.
ಎಲ್ಲರಿಗೂ ಇಲ್ಲ ಅಂದೆ.
ಅದೇ ರಾತ್ರಿ ಬೂಟಿಗೆ ಹೊಸ ದಾರ ಪೋಣಿಸಿದೆ,
ಸುಮ್ಮನೆ. ಹಳೆಯದು ಕೊಳೆಯಾಗಿತ್ತು.

ನಿನ್ನೆ ಕ್ಯಾಂಟೀನಿನ ಸಾಲಿನಲ್ಲಿ
ತಟ್ಟೆ ಹಿಡಿದು ನಿಂತಿದ್ದೆ.
ಹಿಂದಿನ ಹುಡುಗಿ, ಮಾಲೂರಿನ ಕಡೆಯವಳು,
ಮುಂದೆ ಸರಿಯಕ್ಕಾ ಅಂತ
ಬೆನ್ನನ್ನು ಅಂಗೈಯಿಂದ ಮುಟ್ಟಿದಳು.

ಮುಟ್ಟಿದ್ದಷ್ಟೇ ಗೊತ್ತು.
ಮುದ್ದೆ ಒಂದು ಕಡೆ, ಸಾರು ಇನ್ನೊಂದು ಕಡೆ.
ನಾನೂರು ಜನ ನಗುತ್ತಿದ್ದರು,
ಆ ಹುಡುಗಿ ಸಾರಿ ಅಕ್ಕಾ, ಸಾರಿ ಅಕ್ಕಾ ಅನ್ನುತ್ತಿದ್ದಳು.
ಹಾಲಿನ ನಡುಗಂಬದ ಮೇಲೆ ನನ್ನ ಕೈ ಇತ್ತು.
ಕಂಬ ತಣ್ಣಗಿತ್ತು. ಮಂಡಿ ಸುಮ್ಮನಿತ್ತು.
ಕೈಯ ಮೇಲೆ, ಕಂಬಕ್ಕೆ ಅಂಟಿಸಿದ ಹಾಳೆಯಲ್ಲಿ ಬರೆದಿತ್ತು:
ದಯವಿಟ್ಟು ಅನ್ನ ಚೆಲ್ಲಬೇಡಿ.